ಮೆಚ್ಚಿನ ಮರ: ಓದುಗರ ಐದು ಪ್ರಶ್ನೆಗಳು

ನಿಮ್ಮ ಬದುಕಿನ ಒಂದು ಮರದ ಬಗ್ಗೆ ಏನಾದರೂ ಕೇಳುವುದಿದ್ದರೆ ಬರೆಯಿರಿ ಎಂದು ಕಳೆದ ಸಂಚಿಕೆಯಲ್ಲಿ ಕೋರಿದ್ದೆವು. ಬಂದ ಪತ್ರಗಳಲ್ಲಿ ಅರ್ಧದಷ್ಟರಲ್ಲಿ ಪ್ರಶ್ನೆಯೇ ಇರಲಿಲ್ಲ. ಎರಡು ಪುಟ ಮರದ ವರ್ಣನೆ ಇತ್ತು, ಕೊನೆಗೆ ಸಂಕೋಚಪಟ್ಟುಕೊಂಡು ಹಾಕಿದಂತಿದ್ದ ಒಂದು ಪ್ರಶ್ನಾರ್ಥಕ ಚಿಹ್ನೆ ಇತ್ತು. ಉತ್ತರ ಹೇಳಲು ಬರುವಂಥ ಐದು ಪತ್ರಗಳನ್ನು ಇಲ್ಲಿ ಆಯ್ದುಕೊಂಡಿದ್ದೇನೆ.

ಪ್ರಶ್ನೆ: ಮಾನ್ಯರೇ, ನಾವು ಹನ್ನೊಂದು ವರ್ಷ ಬಾಡಿಗೆಗಿದ್ದ ಮನೆಯ ಮುಂದೆ ಒಂದು ಸಂಪಿಗೆ ಮರವಿತ್ತು. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಅದರ ಕಾಂಡದ ಮೇಲೆ ಕೈಯಿಟ್ಟು ಒಂದು ನಿಮಿಷ ನಿಲ್ಲುವುದು ನನಗೆ ರೂಢಿಯಾಗಿತ್ತು. ಈಗ ಮನೆ ಬದಲಾಯಿಸಿದ್ದೇವೆ. ಮನೆಗಿಂತ ಆ ಮರವೇ ಹೆಚ್ಚು ನೆನಪಾಗುತ್ತದೆ ಎಂದರೆ ಮನೆಮಂದಿ ನಗುತ್ತಾರೆ. ಇದು ಅತಿಯಾಯಿತೇ? ಆ ಮರಕ್ಕೆ ನನ್ನ ಗುರುತು ಇದ್ದಿರಬಹುದೇ?
— ಒಬ್ಬ ಗೃಹಿಣಿ

ಉತ್ತರ: ಅತಿಯೇನಲ್ಲ. ನಿಮ್ಮಂಥವರು ಬಹಳ ಮಂದಿ ಇದ್ದಾರೆ, ಆದರೆ ಅವರಲ್ಲಿ ಹೆಚ್ಚಿನವರು ಇಂಥದೇ ನಗುವಿಗೆ ಹೆದರಿ ಸುಮ್ಮನಿರುತ್ತಾರೆ. ಹೇಳಿಕೊಳ್ಳಲು ಒಂದು ದಾರಿ ಸಿಕ್ಕಿದರೆ ಏನಾಗುತ್ತದೆ ಎಂಬುದನ್ನು ಆಸ್ಟ್ರೇಲಿಯಾದ ಮೆಲ್ಬರ್ನ್ ನಗರ ಕಂಡಿದೆ. ಅಲ್ಲಿನ ನಗರಾಡಳಿತವು 2013ರಲ್ಲಿ ಸುಮಾರು 70,000 ಮರಗಳಿಗೆ ಒಂದೊಂದು ಸಂಖ್ಯೆಯನ್ನೂ ಒಂದೊಂದು ಇಮೇಲ್ ವಿಳಾಸವನ್ನೂ ಕೊಟ್ಟಿತು. ಕೊಂಬೆ ಮುರಿದಿದೆ, ಎಲೆ ಒಣಗುತ್ತಿದೆ ಎಂದು ಜನ ದೂರು ಕೊಡಲಿ ಎಂಬುದಷ್ಟೇ ಅದರ ಉದ್ದೇಶವಾಗಿತ್ತು. ಆದರೆ ಜನ ನೇರವಾಗಿ ಮರಗಳಿಗೇ ಪತ್ರ ಬರೆಯತೊಡಗಿದರು, ಅದೂ ಸಾವಿರಾರು ಸಂಖ್ಯೆಯಲ್ಲಿ. ದಿನವೂ ನಿನ್ನ ಕೆಳಗೆ ನಡೆದು ಹೋಗುವವನು ನಾನು ಎಂದು ಪರಿಚಯಿಸಿಕೊಂಡವರು, ನಿನ್ನ ಚೆಲುವಿಗೆ ಮರುಳಾದೆ ಎಂದವರು, ಆರೋಗ್ಯ ವಿಚಾರಿಸಿದವರು, ಹೀಗೆ ಬಗೆಬಗೆಯ ಪತ್ರಗಳು. ಕೆಲವಂತೂ ಆ ಮರಗಳನ್ನು ಕಣ್ಣಿಂದ ಕಂಡಿರದ ಪರದೇಶದವರದು. ಜರ್ಮನಿಯ ಓಯ್ಟಿನ್ ಎಂಬ ಊರಿನ ಬಳಿಯ ಕಾಡಿನಲ್ಲಿರುವ ಓಕ್ ಮರವೊಂದಕ್ಕೆ 1927ರಿಂದಲೂ ಸ್ವಂತ ಅಂಚೆ ವಿಳಾಸವಿದೆ. ನೆಲದಿಂದ ಸುಮಾರು 3 ಮೀಟರ್ ಎತ್ತರದಲ್ಲಿರುವ ಪೊಟರೆಯೇ ಅದರ ಅಂಚೆಪೆಟ್ಟಿಗೆ. ಏಣಿ ಹತ್ತಿ ಯಾರು ಬೇಕಾದರೂ ಒಳಗಿನ ಪತ್ರವನ್ನು ತೆಗೆದು ಓದಬಹುದು, ಉತ್ತರಿಸುವ ಮನಸ್ಸಾದರೆ ಒಯ್ಯಲೂಬಹುದು. ಅಲ್ಲಿಗೆ ಬರುವುದು ಬಾಳಸಂಗಾತಿಯನ್ನು ಅರಸುವವರ ಪತ್ರಗಳೇ ಹೊರತು ಮರಕ್ಕೆ ಬರೆದವಲ್ಲ, ನಿಜ. ಆದರೂ ಅಂಥ ಸೂಕ್ಷ್ಮ ವಿಷಯವನ್ನು ಮರದ ಕೈಗೇ ಒಪ್ಪಿಸೋಣ ಎಂದು ಜನಕ್ಕೆ ಅನ್ನಿಸಿತಲ್ಲ.

ಇನ್ನು ಗುರುತಿನ ಪ್ರಶ್ನೆ. ಸಮಾಧಾನಕ್ಕಾಗಿ ಸುಳ್ಳು ಹೇಳುವುದಕ್ಕೆ ನನಗೆ ಇಷ್ಟವಿಲ್ಲ. ಸಸ್ಯಗಳಿಗೆ ಸ್ಪರ್ಶ ತಿಳಿಯುತ್ತದೆ ಎಂಬುದು ನಿಜ. ಮತ್ತೆ ಮತ್ತೆ ಕೈಯಿಂದ ನೇವರಿಸಿದ ಎಳೆಯ ಗಿಡ ಕುಳ್ಳಗೆ, ದಪ್ಪಗೆ ಬೆಳೆಯುತ್ತದೆ. ಗಾಳಿಗೆ ತೂಗಾಡಿದ ಸಸಿಯ ಕಾಂಡವು ಗೂಟಕ್ಕೆ ಬಿಗಿದು ಕಟ್ಟಿದ ಸಸಿಯ ಕಾಂಡಕ್ಕಿಂತ ಗಟ್ಟಿಯಾಗುತ್ತದೆ. ಆದರೆ ಬಲಿತ ಮರದ ಮೇಲೆ ನೀವು ಕೈಯಿಟ್ಟದ್ದು ಹೊರತೊಗಟೆಯ ಮೇಲೆ, ಅದು ಸತ್ತ ಕೋಶಗಳ ಪದರ. ಮರದ ಜೀವ ಅದರ ಒಳಗಿನ ತೆಳುವಾದ ಪದರದಲ್ಲಿರುತ್ತದೆ. ಒಬ್ಬರ ಕೈಯನ್ನು ಇನ್ನೊಬ್ಬರ ಕೈಯಿಂದ ಬೇರ್ಪಡಿಸಿ ನೆನಪಿಟ್ಟುಕೊಳ್ಳುವ ನರಮಂಡಲವಾಗಲಿ ಮಿದುಳಾಗಲಿ ಮರಕ್ಕಿಲ್ಲ. ಆದ್ದರಿಂದ ಆ ಸಂಪಿಗೆಗೆ ನಿಮ್ಮ ಗುರುತಿರಲಿಲ್ಲ, ನಿಮಗೆ ಅದರ ಗುರುತಿತ್ತು. ಯಾವ ಕೊಂಬೆಯಲ್ಲಿ ಮೊದಲು ಮೊಗ್ಗು ಬಿಡುತ್ತಿತ್ತು, ಕಾಂಡದ ಯಾವ ಮಗ್ಗುಲು ಮಳೆಯಲ್ಲಿ ಒದ್ದೆಯಾಗದೆ ಉಳಿಯುತ್ತಿತ್ತು ಎಂಬುದೆಲ್ಲ ನಿಮ್ಮ ಮನೆಯಲ್ಲಿ ಇನ್ನಾರಿಗೂ ಗೊತ್ತಿರಲಾರದು. ಮರೆಯುವ ಮೊದಲು ಅದನ್ನೆಲ್ಲ ಬರೆದಿಡಿ. ಹೂಬಿಡುವ ಕಾಲದಲ್ಲಿ ಒಮ್ಮೆ ಹೋಗಿ ಬನ್ನಿ. ಈಗಿನ ಬಾಡಿಗೆದಾರರಿಗೆ ಏನು ಹೇಳುವುದೆಂಬ ಚಿಂತೆ ಬೇಡ, ಮರ ನೋಡಲು ಬಂದೆ ಎನ್ನಿ. ಹೆಚ್ಚೆಂದರೆ ಅವರೂ ನಗುತ್ತಾರೆ.

ಪ್ರಶ್ನೆ: ನಾನು ಐದನೆಯ ತರಗತಿಯಲ್ಲಿ ಓದುತ್ತಿದ್ದೇನೆ. ನಾನು ಹುಟ್ಟಿದ ವರ್ಷ ನನ್ನ ಅಜ್ಜ ಒಂದು ಮಾವಿನ ಗಿಡ ನೆಟ್ಟಿದ್ದರು. ಈಗ ಅದು ನನಗಿಂತ ತುಂಬಾ ಎತ್ತರವಾಗಿದೆ. ನನ್ನ ತಲೆಯ ಮಟ್ಟಕ್ಕೆ ಸರಿಯಾಗಿ ಕಾಂಡದಲ್ಲಿ ನನ್ನ ಹೆಸರು ಕೆತ್ತಿದರೆ, ನಾನು ದೊಡ್ಡವನಾಗುವಾಗ ಅದು ಎಷ್ಟು ಮೇಲೆ ಹೋಗಿರುತ್ತದೆ?
— ಒಬ್ಬ ವಿದ್ಯಾರ್ಥಿ

ಉತ್ತರ: ಮಗೂ, ಒಂದು ಅಂಗುಲವೂ ಮೇಲೆ ಹೋಗಿರುವುದಿಲ್ಲ. ನೀನು ಮೈಯೆಲ್ಲ ಬೆಳೆಯುತ್ತೀಯೆ, ಮರ ಹಾಗಲ್ಲ. ಅದು ಎತ್ತರವಾಗುವುದು ಕೊಂಬೆಗಳ ತುದಿಯಲ್ಲಿ ಮಾತ್ರ; ಕೆಳಗಿನ ಕಾಂಡ ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತದೆಯೇ ಹೊರತು ಮೇಲಕ್ಕೆ ಜಗ್ಗುವುದಿಲ್ಲ. ಈಗ ನಿನ್ನ ತಲೆಯ ಮಟ್ಟದಲ್ಲಿ ಕೆತ್ತಿದ ಹೆಸರು ಮುಂದೆ ನಿನ್ನ ಎದೆಯ ಮಟ್ಟದಲ್ಲಿ, ಅಕ್ಷರಗಳೆಲ್ಲ ಅಡ್ಡಡ್ಡ ಹಿಗ್ಗಿ, ಯಾರ ಹೆಸರೆಂದು ಓದಲಾಗದಂತೆ ಇರುತ್ತದೆ.

ಆದರೆ ದಯವಿಟ್ಟು ಕೆತ್ತಬೇಡ. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವ ದಾರಿ ತೊಗಟೆಯ ಒಳಮಗ್ಗುಲಲ್ಲೇ ಇದೆ. ಚಾಕು ಅದನ್ನು ಕತ್ತರಿಸುತ್ತದೆ, ಗಾಯದಿಂದ ಶಿಲೀಂಧ್ರವೂ ಒಳಗೆ ನುಗ್ಗುತ್ತದೆ. ಅದಕ್ಕಿಂತ ಒಳ್ಳೆಯ ಉಪಾಯ ಒಂದಿದೆ. ಪ್ರತಿ ಹುಟ್ಟುಹಬ್ಬದ ದಿನ, ನೆಲದಿಂದ 130 ಸೆಂಟಿಮೀಟರ್ ಎತ್ತರದಲ್ಲಿ ಕಾಂಡದ ಸುತ್ತ ಒಂದು ದಾರ ಸುತ್ತಿ, ಆ ದಾರವನ್ನು ಸ್ಕೇಲಿನಿಂದ ಅಳೆದು, ಅಳತೆಯನ್ನು ಒಂದು ಪುಸ್ತಕದಲ್ಲಿ ಬರೆದಿಡು. ಅರಣ್ಯಶಾಸ್ತ್ರಜ್ಞರು ಮರದ ಸುತ್ತಳತೆ ತೆಗೆಯುವುದೂ ಹೆಚ್ಚುಕಡಿಮೆ ಇದೇ ಎತ್ತರದಲ್ಲಿ. ಪಕ್ಕದಲ್ಲಿ ನಿನ್ನ ಎತ್ತರವನ್ನೂ ಬರೆ. ಅಳೆದ ಮೇಲೆ ದಾರವನ್ನು ಮರದಲ್ಲೇ ಬಿಡಬೇಡ. ಕಾಂಡ ದಪ್ಪವಾದಂತೆ ಅದು ಒಳಕ್ಕೆ ಕಚ್ಚಿಕೊಳ್ಳುತ್ತದೆ. ಜೋಕಾಲಿಯ ಹಗ್ಗಕ್ಕೂ ಇದೇ ಮಾತು.

ಪ್ರಶ್ನೆ: ನಮ್ಮ ಹಿತ್ತಲಿನ ಹುಣಸೆ ಮರಕ್ಕೆ ಮುತ್ತಜ್ಜನ ಕಾಲದಷ್ಟು ವಯಸ್ಸು. ಕಾಂಡದಲ್ಲಿ ದೊಡ್ಡ ಪೊಟರೆಯಾಗಿದೆ, ಒಳಗೆ ಕೈ ಹಾಕಿದರೆ ಮರದ ಪುಡಿ ಬರುತ್ತದೆ. ಮಕ್ಕಳು ಅದರ ಕೆಳಗೇ ಆಡುವುದರಿಂದ ಕಡಿಸಿಬಿಡೋಣ ಎಂದು ಅಣ್ಣ ಹೇಳುತ್ತಾನೆ. ತಂಗಿ ಮರವನ್ನು ತಬ್ಬಿಕೊಂಡು ನಿಲ್ಲುವುದೊಂದು ಬಾಕಿ. ಪೊಟರೆಯೊಳಗೆ ಸಿಮೆಂಟ್ ತುಂಬಿಸಿದರೆ ಇಬ್ಬರಿಗೂ ಸಮಾಧಾನವಾದೀತೇ?
— ನಡುವಿನವನು

ಉತ್ತರ: ಸಿಮೆಂಟ್ ಮಾತ್ರ ಬೇಡವೇ ಬೇಡ. ಒಂದು ಕಾಲದಲ್ಲಿ ಮರದ ವೈದ್ಯರೂ ಹಾಗೆ ತುಂಬಿಸುತ್ತಿದ್ದರು, ಈಗ ಅದನ್ನು ಕೈಬಿಟ್ಟಿದ್ದಾರೆ. ಗಾಳಿಗೆ ಮರ ಬಾಗುತ್ತದೆ, ಸಿಮೆಂಟ್ ಬಾಗುವುದಿಲ್ಲ; ಎರಡರ ನಡುವೆ ತಿಕ್ಕಾಟವಾಗಿ ಒಳಗಿನ ಗಟ್ಟಿಮರ ಜಜ್ಜಿಹೋಗುತ್ತದೆ, ಸಂದಿನಲ್ಲಿ ನೀರು ನಿಂತು ಕೊಳೆತ ಹೆಚ್ಚುತ್ತದೆ.

ಪೊಟರೆ ಎಂದ ಕೂಡಲೇ ಮರ ಸಾಯುತ್ತಿದೆ ಎಂದು ಭಾವಿಸಬೇಕಿಲ್ಲ. ಕಾಂಡದ ನಡುವಿನ ಚೇಗು ಹೇಗೂ ಸತ್ತ ಮರವೇ. ನೀರು ಸಾಗಿಸುವುದು, ಹೊಸ ಮರ ಕಟ್ಟುವುದು ಇವೆಲ್ಲ ನಡೆಯುವುದು ತೊಗಟೆಯ ಕೆಳಗಿನ ಹೊರವಲಯದಲ್ಲಿ. ಅಮೆರಿಕದ ಅಲೆಕ್ಸ್ ಶೈಗೊ ಎಂಬ ವಿಜ್ಞಾನಿ ಸಾವಿರಾರು ಮರಗಳನ್ನು ಉದ್ದುದ್ದ ಸೀಳಿ ನೋಡಿ, 1970ರ ದಶಕದಲ್ಲಿ ಒಂದು ಮಹತ್ವದ ವಿಷಯವನ್ನು ವಿವರಿಸಿದರು. ನಮ್ಮ ಗಾಯ ಮಾಯುವಂತೆ ಮರದ ಗಾಯ ಮಾಯುವುದಿಲ್ಲ. ಮರವು ಕೊಳೆತ ಭಾಗದ ಸುತ್ತ ಗೋಡೆ ಕಟ್ಟಿ, ಅದನ್ನು ಅಲ್ಲಿಯೇ ಬಿಟ್ಟು, ಹೊರಗೆ ಹೊಸ ಪದರ ಬೆಳೆಸಿಕೊಂಡು ಹೋಗುತ್ತದೆ. ಹಳೆಯ ಹುಣಸೆಗಳು ಟೊಳ್ಳಾಗಿಯೂ ವರ್ಷಗಟ್ಟಲೆ ಕಾಯಿ ಬಿಡುವುದು ಇದರಿಂದಲೇ. ಟೊಳ್ಳು ಕೊಳವೆಗೂ ಬಲವಿರುತ್ತದೆ. ಉಳಿದ ಗಟ್ಟಿಮರದ ದಪ್ಪ ಕಾಂಡದ ತ್ರಿಜ್ಯದ ಮೂರನೆಯ ಒಂದು ಭಾಗದಷ್ಟಿದ್ದರೆ, ಅಂದರೆ 90 ಸೆಂಟಿಮೀಟರ್ ಅಡ್ಡಗಲದ ಕಾಂಡದಲ್ಲಿ ಸುತ್ತಲೂ ಸುಮಾರು 15 ಸೆಂಟಿಮೀಟರ್ ಗಟ್ಟಿ ಮರವಿದ್ದರೆ, ಸಾಮಾನ್ಯವಾಗಿ ಭಯವಿಲ್ಲ ಎಂಬುದೊಂದು ಸ್ಥೂಲ ಲೆಕ್ಕ. ಆದರೆ ನಿಮ್ಮ ಪೊಟರೆಗೆ ದೊಡ್ಡ ಬಾಯಿಯಿರುವಂತೆ ತೋರುತ್ತದೆ. ಅಂಥಲ್ಲಿ ಈ ಲೆಕ್ಕವನ್ನೇ ನಂಬಿ ಕೂರಬಾರದು.

ನಿಮ್ಮ ಅಣ್ಣನನ್ನು ಮರದ ವೈರಿಯೆಂದು ಎಣಿಸಬೇಡಿ. ಆಮ್‌ಸ್ಟರ್‌ಡ್ಯಾಮಿನಲ್ಲಿ ಆನ್ ಫ್ರಾಂಕ್ ಎಂಬ ಯಹೂದಿ ಬಾಲಕಿ ನಾಜಿಗಳಿಗೆ ಹೆದರಿ ಅಡಗಿದ್ದ ಮನೆಯ ಅಟ್ಟದ ಕಿಟಕಿಯಿಂದ ಒಂದು ಚೆಸ್ಟ್‌ನಟ್ ಮರ ಕಾಣುತ್ತಿತ್ತು. ಹೊರಗೆ ಕಾಲಿಡಲಾಗದ ಆಕೆ ಆ ಮರದ ಬಗ್ಗೆ ತನ್ನ ದಿನಚರಿಯಲ್ಲಿ ಬರೆದಿದ್ದರಿಂದ ಅದು ಲೋಕಕ್ಕೆಲ್ಲ ಆಪ್ತವಾಯಿತು. ಶಿಲೀಂಧ್ರ ತಗುಲಿ ಕಾಂಡ ಕೊಳೆತಾಗ, 2007ರಲ್ಲಿ ಅದನ್ನು ಕಡಿಯಲು ನಿರ್ಧರಿಸಲಾಗಿತ್ತು. ಪ್ರೀತಿಸುವವರು ನ್ಯಾಯಾಲಯಕ್ಕೆ ಹೋಗಿ ತಡೆದರು, ಮರುವರ್ಷ ಉಕ್ಕಿನ ಆಸರೆಯನ್ನೂ ಕಟ್ಟಿದರು. 2010ರ ಆಗಸ್ಟ್ 23ರಂದು ಬಿರುಗಾಳಿಗೆ ಮರ ಬುಡದಿಂದ ಸುಮಾರು ಒಂದು ಮೀಟರ್ ಎತ್ತರದಲ್ಲಿ ಮುರಿದು, ಆಸರೆಯ ಸಮೇತ ಉರುಳಿತು. ಯಾರಿಗೂ ಪೆಟ್ಟಾಗಲಿಲ್ಲ. ಇನ್ನೊಂದು ಕಡೆ, ಕ್ಯಾಲಿಫೋರ್ನಿಯಾದ ‘ಲೂನಾ’ ಎಂಬ ರೆಡ್‌ವುಡ್ ಮರವನ್ನು ಉಳಿಸಲು ಜೂಲಿಯಾ ಬಟರ್‌ಫ್ಲೈ ಹಿಲ್ ಎಂಬ ಯುವತಿ 1997ರ ಡಿಸೆಂಬರಿನಿಂದ 738 ದಿನ ಅದರ ಮೇಲೆಯೇ ವಾಸಿಸಿದ್ದರು. ಅವರು ಕೆಳಗಿಳಿದ ಮರುವರ್ಷ ಯಾರೋ ಆ ಮರಕ್ಕೆ ಯಂತ್ರಗರಗಸ ಹಾಕಿದರು. ಉಕ್ಕಿನ ಪಟ್ಟಿಗಳಿಂದ ಬಿಗಿದ ಬಳಿಕ ಅದು ಬದುಕಿಕೊಂಡಿತು. ಆಸರೆ ಒಂದಕ್ಕೆ ಒದಗಿತು, ಇನ್ನೊಂದಕ್ಕೆ ಒದಗಲಿಲ್ಲ. ಯಾವ ಮರ ಎಷ್ಟು ಗಟ್ಟಿಯಾಗಿದೆ ಎಂಬುದನ್ನು ತಬ್ಬಿಕೊಂಡು ತಿಳಿಯಲಾಗದು.

ಆದ್ದರಿಂದ ಮೊದಲು ಬುಡ ನೋಡಿ. ಬುಡದಲ್ಲಿ ಬೀಸಣಿಗೆಯಂಥ ಅಣಬೆ ಮೂಡಿದೆಯೇ, ಕಾಂಡದಲ್ಲಿ ಉದ್ದುದ್ದ ಬಿರುಕಿದೆಯೇ, ಇತ್ತೀಚೆಗೆ ಮರ ಒಂದು ಕಡೆ ವಾಲಿ ಎದುರು ಮಗ್ಗುಲಿನ ನೆಲ ಉಬ್ಬಿದೆಯೇ? ಇವುಗಳಲ್ಲಿ ಒಂದಿದ್ದರೂ ಮಕ್ಕಳ ಆಟವನ್ನು ಇಂದಿನಿಂದಲೇ ಬೇರೆಡೆಗೆ ಸಾಗಿಸಿ. ನಂತರ ಮರಗಳನ್ನು ಪರೀಕ್ಷಿಸಿ ಅಭ್ಯಾಸವಿರುವವರನ್ನು ಕರೆಸಿ. ಅವರು ಮರದ ಸುತ್ತಿಗೆಯಿಂದ ಸುತ್ತಲೂ ತಟ್ಟಿ ಸದ್ದಿನಿಂದಲೇ ಬಹಳಷ್ಟು ಹೇಳುತ್ತಾರೆ; ಶಬ್ದದ ಅಲೆಗಳನ್ನು ಹಾಯಿಸಿ ಒಳಗಿನ ಟೊಳ್ಳಿನ ಚಿತ್ರ ತೆಗೆಯುವ ಉಪಕರಣವೂ ಇದೆ. ಕಡಿಯುವುದು, ಬಿಡುವುದು ಇವೆರಡರ ನಡುವೆ ಮೂರನೆಯ ದಾರಿಯೊಂದಿದೆ. ಉದ್ದ ಚಾಚಿದ ಕೊಂಬೆಗಳ ತುದಿಭಾರವನ್ನಷ್ಟೇ ಇಳಿಸಿದರೆ ಕಾಂಡದ ಮೇಲಿನ ಒತ್ತಡ ಕಡಿಮೆಯಾಗುತ್ತದೆ. ತಲೆಯನ್ನೇ ಬೋಳಿಸುವವರನ್ನು ಮಾತ್ರ ಹತ್ತಿರ ಸೇರಿಸಬೇಡಿ.

ಪ್ರಶ್ನೆ: ನಮ್ಮ ಬಡಾವಣೆಯ ಆಟದ ಮೈದಾನದಲ್ಲಿ ಭಾರಿ ಮಳೆಮರವಿದೆ. ಎಲ್ಲರಿಗೂ ಅದೆಂದರೆ ಪ್ರಾಣ. ಹಣ ಕೂಡಿಸಿ ಅದಕ್ಕೆ ವೃತ್ತಾಕಾರದ ಕಟ್ಟೆ ಕಟ್ಟಿಸಿ, ಸುತ್ತಲೂ ಕಲ್ಲುಹಾಸು ಹಾಕಿಸಿ, ಕಾಂಡಕ್ಕೆ ಹೆಸರಿನ ಫಲಕ ಹೊಡೆಸಿ, ಕೊಂಬೆಗಳಿಗೆ ದೀಪದ ಸರ ಸುತ್ತಿಸಬೇಕೆಂದಿದ್ದೇವೆ. ಸಲಹೆ ಏನು?
— ನಿವಾಸಿಗಳ ಪರವಾಗಿ ಕಾರ್ಯದರ್ಶಿ

ಉತ್ತರ: ಆ ಹಣವನ್ನು ಹಾಗೆಯೇ ಇಟ್ಟುಕೊಳ್ಳಿ. ಕಾರಣ ಹೇಳಬೇಕೆಂದರೆ ನನ್ನದೇ ತಪ್ಪನ್ನು ಒಪ್ಪಿಕೊಳ್ಳಬೇಕಾಗುತ್ತದೆ.

ಹಲವು ವರ್ಷಗಳ ಹಿಂದೆ ನಾನು ಒಂದು ಬೇವಿನ ಮರವನ್ನು ಅಕ್ಕರೆಯಿಂದಲೇ ಕೊಂದೆ. ಸಂಜೆ ಕುಳಿತು ಓದಲು ಅನುಕೂಲವಾಗಲಿ ಎಂದು ಅದರ ಸುತ್ತ ಎರಡಡಿ ಎತ್ತರದ ಕಲ್ಲಿನ ಕಟ್ಟೆ ಕಟ್ಟಿಸಿ, ಒಳಗೆ ಮಣ್ಣು ತುಂಬಿಸಿ, ಕಾಂಡದವರೆಗೂ ಗಾರೆ ಬಳಿಸಿದೆ. ಮೊದಲ ವರ್ಷ ನೋಡಿದವರೆಲ್ಲ ಹೊಗಳಿದರು. ಎರಡನೆಯ ವರ್ಷ ಎಲೆಗಳು ಸಣ್ಣದಾಗಿ ಬಂದವು. ಮಳೆ ಕಡಿಮೆಯಾಯಿತೇನೋ ಎಂದುಕೊಂಡು ಇನ್ನಷ್ಟು ನೀರು ಹಾಕಿದೆ. ನಾಲ್ಕನೆಯ ವರ್ಷ ನೆತ್ತಿ ಒಣಗಿತು. ಗಾರೆ ಒಡೆಸಿ ಮಣ್ಣು ತೆಗೆಸಿದಾಗ, ಮಣ್ಣಿನಲ್ಲಿ ಹೂತಿದ್ದ ತೊಗಟೆ ಒದ್ದೆಯಾದ ರಟ್ಟಿನಂತೆ ಕೈಗೆ ಕಳಚಿ ಬಂತು, ಹುಳಿ ವಾಸನೆ ಹೊಡೆಯಿತು.

ನೆಲ ಮುಟ್ಟುವಲ್ಲಿ ಕಾಂಡ ಅಗಲವಾಗಿ ಬೇರುಗಳಾಗಿ ಕವಲೊಡೆಯುತ್ತದಲ್ಲ, ಆ ಭಾಗದ ತೊಗಟೆ ಗಾಳಿಯಲ್ಲಿರಬೇಕು. ಅದನ್ನು ಹೂತರೆ ಕೊಳೆಯುತ್ತದೆ. ಇನ್ನು ಬೇರುಗಳು ಕೊಂಬೆಗಳ ಕನ್ನಡಿ ಬಿಂಬದಂತೆ ಪಾತಾಳಕ್ಕೆ ಇಳಿದಿರುತ್ತವೆ ಎಂಬುದು ಬರಿಯ ಕಲ್ಪನೆ. ಹೆಚ್ಚಿನ ಮರಗಳಲ್ಲಿ ನೀರು ಹೀರುವ ಸಣ್ಣ ಬೇರುಗಳು ಬಹುಪಾಲು ಮೇಲಿನ 30ರಿಂದ 60 ಸೆಂಟಿಮೀಟರ್ ಮಣ್ಣಿನಲ್ಲೇ ಇದ್ದು, ಹಂದರದ ಅಂಚನ್ನೂ ದಾಟಿ ಬಹುದೂರ ಹರಡಿರುತ್ತವೆ. ಬೇರಿಗೂ ಉಸಿರಾಡಲು ಆಮ್ಲಜನಕ ಬೇಕು. ಕಲ್ಲುಹಾಸು ಹಾಸಿದರೂ ಅಷ್ಟೇ, ನೂರಾರು ಜನ ದಿನವೂ ತುಳಿದು ನೆಲವನ್ನು ಗಟ್ಟಿ ಮಾಡಿದರೂ ಅಷ್ಟೇ. ಕ್ಯಾಲಿಫೋರ್ನಿಯಾದ ರೆಡ್‌ವುಡ್ ರಾಷ್ಟ್ರೀಯ ಉದ್ಯಾನದಲ್ಲಿ ‘ಹೈಪೀರಿಯನ್’ ಎಂಬ, ಸುಮಾರು 116 ಮೀಟರ್ ಎತ್ತರದ, ಜಗತ್ತಿನಲ್ಲೇ ಅತಿ ಎತ್ತರದ್ದೆಂದು ಗುರುತಿಸಲಾದ ಮರವಿದೆ. ಅದು 2006ರಲ್ಲಿ ಪತ್ತೆಯಾಯಿತು. ದಾರಿಯಿಲ್ಲದ ಕಾಡಿನಲ್ಲೂ ಅಭಿಮಾನಿಗಳು ನುಗ್ಗಿ ಬಂದು ಬುಡದ ಗಿಡಗಂಟಿಗಳನ್ನೆಲ್ಲ ತುಳಿದುಹಾಕಿದ್ದರಿಂದ 2022ರಲ್ಲಿ ಅಲ್ಲಿಗೆ ಪ್ರವೇಶವನ್ನೇ ನಿಷೇಧಿಸಿದರು. ಮೀರಿದರೆ 5,000 ಡಾಲರ್ ವರೆಗೆ ದಂಡ, ಆರು ತಿಂಗಳವರೆಗೆ ಸೆರೆವಾಸ. 4,800 ವರ್ಷ ಮೀರಿದ ‘ಮೆಥುಸೆಲಾ’ ಎಂಬ ಪೈನ್ ಮರ ಎಲ್ಲಿದೆಯೆಂಬುದನ್ನು ಅಲ್ಲಿನ ಅರಣ್ಯ ಇಲಾಖೆ ಗುಟ್ಟಾಗಿಯೇ ಇಟ್ಟುಕೊಂಡು ಬಂದಿದೆ.

ನಿಮ್ಮ ಮಳೆಮರದ ಕೆಳಗೆ, ಬುಡದಿಂದ ದೂರದಲ್ಲಿ, ಬೇರು ತಪ್ಪಿಸಿ ನೆಟ್ಟ ಕಾಲುಗಳ ಮೇಲೆ ನಾಲ್ಕು ಬೆಂಚುಗಳನ್ನು ಹಾಕಿಸಿ. ಉದುರಿದ ಎಲೆಗಳನ್ನು ಗುಡಿಸಿ ಸುಡುವ ಬದಲು ಕಾಂಡಕ್ಕೆ ತಾಗದಂತೆ ಅಲ್ಲಿಯೇ ಹರಡಿ. ಫಲಕವನ್ನು ಬೇರೊಂದು ಕಂಬಕ್ಕೆ ಹಾಕಿ. ದೀಪದ ಸರವನ್ನು ಒಂದು ರಾತ್ರಿಗೆ ಸುತ್ತಿ ಮರುದಿನ ಬಿಚ್ಚುವುದಾದರೆ ಜಗಳವಿಲ್ಲ, ಆದರೆ ಬಿಚ್ಚಿದವರನ್ನು ನಾನು ಇದುವರೆಗೆ ಕಂಡಿಲ್ಲ.

ಪ್ರಶ್ನೆ: ಮೂವತ್ತು ವರ್ಷ ನನ್ನ ಕೋಣೆಯ ಕಿಟಕಿಗೆ ನೆರಳು ಕೊಟ್ಟ ಹೊಂಗೆ ಮರವನ್ನು, ನಾನು ಊರಲ್ಲಿಲ್ಲದ ಎರಡು ದಿನಗಳಲ್ಲಿ ಪಕ್ಕದವರು ತಮ್ಮ ಗೋಡೆಗೆ ಅಡ್ಡವೆಂದು ಕಡಿಸಿದ್ದಾರೆ. ಒಂದಡಿ ಬುಡ ಉಳಿದಿದೆ. ಈಗ ಕೋಣೆಯ ತುಂಬ ಬೆಳಕು, ಅದನ್ನೇ ನೋಡಲಾಗುತ್ತಿಲ್ಲ. ಬಿದ್ದಿದ್ದ ಕಾಯಿಗಳನ್ನು ಆರಿಸಿ ಒಂದು ಡಬ್ಬದಲ್ಲಿ ತುಂಬಿಟ್ಟಿದ್ದೇನೆ. ಅದೇ ಮರವನ್ನು ಮತ್ತೆ ಪಡೆಯಲು ಸಾಧ್ಯವೇ?
— ನಿವೃತ್ತ ಶಿಕ್ಷಕಿ

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಆ ಬೆಳಕಿನ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ಪ್ರಶ್ನೆಗೆ ಇದೆ.

ಇಂಗ್ಲೆಂಡಿನಲ್ಲಿ ರೋಮನ್ನರ ಕಾಲದ ಹೇಡ್ರಿಯನ್ ಗೋಡೆಯ ಪಕ್ಕದ ತಗ್ಗಿನಲ್ಲಿ ಒಂಟಿಯಾಗಿ ನಿಂತಿದ್ದ ಸಿಕಮೋರ್ ಮರವನ್ನು 2023ರ ಸೆಪ್ಟೆಂಬರ್ 27ರ ರಾತ್ರಿ ಕಳೆಯುವುದರೊಳಗೆ ಇಬ್ಬರು ಕಡಿದುಹಾಕಿದರು. ಅದರಡಿಯಲ್ಲಿ ಮದುವೆಯ ಮಾತು ಆಡಿದವರು, ಸತ್ತವರ ಬೂದಿ ಚೆಲ್ಲಿದವರು ಎಲ್ಲರೂ ಮನೆಯವರನ್ನು ಕಳೆದುಕೊಂಡಂತೆ ಅತ್ತರು. ಕಡಿದವರಿಗೆ 2025ರ ಜುಲೈನಲ್ಲಿ ತಲಾ ನಾಲ್ಕು ವರ್ಷ ಮೂರು ತಿಂಗಳ ಶಿಕ್ಷೆಯಾಯಿತು. ನಿಮಗೆ ಮುಖ್ಯವಾದದ್ದು ಆಮೇಲಿನದು. ಬಿದ್ದ ಮರದಿಂದ ಬೀಜಗಳನ್ನೂ ಕಸಿಗೆ ಬೇಕಾದ ಕಡ್ಡಿಗಳನ್ನೂ ತಕ್ಷಣ ಸಂಗ್ರಹಿಸಿ ಸಸಿ ಮಾಡಿದರು. ಮರ 49 ಅಡಿ ಎತ್ತರವಿತ್ತೆಂದು 49 ಸಸಿಗಳನ್ನು ಬೇರೆ ಬೇರೆ ಕಡೆಯವರಿಗೆ ಹಂಚಲು ನಿಶ್ಚಯಿಸಿದರು. 2024ರ ಬೇಸಿಗೆಯಲ್ಲಿ ಬುಡದಲ್ಲೇ ಎಂಟು ಚಿಗುರುಗಳು ಕಾಣಿಸಿಕೊಂಡವು. ಎಲ್ಲ ಮರಕ್ಕೂ ಈ ಭಾಗ್ಯವಿಲ್ಲ. ನೈಜರ್ ದೇಶದ ಟೆನೆರೆ ಮರಳುಗಾಡಿನಲ್ಲಿ ಸುತ್ತ ನೂರಾರು ಕಿಲೋಮೀಟರ್ ವರೆಗೆ ಜೊತೆಯಿಲ್ಲದೆ, 30 ಮೀಟರಿಗೂ ಆಳಕ್ಕೆ ಬೇರಿಳಿಸಿ ನಿಂತಿದ್ದ ಜಾಲಿಮರಕ್ಕೆ 1973ರಲ್ಲಿ ಲಾರಿ ಗುದ್ದಿತು. ಈಗ ಅಲ್ಲಿ ನಿಂತಿರುವುದು ಲೋಹದ ಮರ. ಒಣಗಿದ ಕಾಂಡ ವಸ್ತುಸಂಗ್ರಹಾಲಯದಲ್ಲಿದೆ.

ನಿಮ್ಮ ಡಬ್ಬದಲ್ಲಿರುವುದು ಆ ಹೊಂಗೆಯ ಮಕ್ಕಳು, ಅದೇ ಹೊಂಗೆಯಲ್ಲ. ಒಂದೊಂದು ಬೀಜದಲ್ಲೂ ಪರಾಗ ಕೊಟ್ಟ ಇನ್ನೊಂದು ಮರದ ಪಾಲೂ ಸೇರಿರಬಹುದು, ಎಲೆಯ ಬಣ್ಣದಲ್ಲೋ ಹಂದರದ ಆಕಾರದಲ್ಲೋ ವ್ಯತ್ಯಾಸ ಕಂಡೀತು. ಅಮೆರಿಕದ ಅಥೆನ್ಸ್ ಎಂಬ ಊರಿನಲ್ಲಿ ತನಗೆ ತಾನೇ ಒಡೆಯನೆಂದು ಜನ ಒಪ್ಪಿಕೊಂಡಿದ್ದ ಓಕ್ ಮರ 1942ರಲ್ಲಿ ಬಿದ್ದಾಗ, ಅದರ ಬೀಜದಿಂದ ಬೆಳೆದ ಸಸಿಯನ್ನು 1946ರಲ್ಲಿ ಅದೇ ಜಾಗದಲ್ಲಿ ನೆಟ್ಟರು. ಅಲ್ಲಿನವರು ಅದನ್ನು ಹಳೆಯ ಮರವೆನ್ನುವುದಿಲ್ಲ, ಅದರ ಮಗನೆನ್ನುತ್ತಾರೆ.

ಅದೇ ಮರ ಬೇಕೆಂದರೆ ಅದು ನಿಮ್ಮ ಕಿಟಕಿಯ ಕೆಳಗೇ ಇದೆ. ಹೊಂಗೆ ಕಡಿದ ಬುಡದಿಂದ ಚೆನ್ನಾಗಿ ಚಿಗುರುವ ಮರ. ಬೇರೆಲ್ಲ ಹಾಗೆಯೇ ಉಳಿದಿರುವುದರಿಂದ ಚಿಗುರು ಬೀಜದ ಸಸಿಗಿಂತ ಬೇಗ ಎತ್ತರವಾಗುತ್ತದೆ. ಉಳಿದ ಬುಡಕ್ಕೆ ಯಾರೂ ಆಸಿಡ್ ಸುರಿಯದಂತೆ, ಬೆಂಕಿ ಹಾಕದಂತೆ ಕಾಯ್ದುಕೊಳ್ಳಿ. ಪಕ್ಕದವರೊಡನೆ ಮಾತು ಬಿಟ್ಟಿದ್ದರೂ ಈ ಒಂದು ವಿಷಯಕ್ಕೆ ಮಾತಾಡಬೇಕಾದೀತು. ಗೋಡೆಯ ಕಡೆಗೆ ಬರುವ ಚಿಗುರನ್ನು ನಾನೇ ತೆಗೆಯುತ್ತೇನೆ ಎಂದು ಮೊದಲೇ ಹೇಳಿಬಿಡಿ. ಮೊದಲ ವರ್ಷ ಬಂದ ಚಿಗುರನ್ನೆಲ್ಲ ಬೆಳೆಯಲು ಬಿಟ್ಟು, ಬೇರಿಗೆ ಆಹಾರ ಸಿಗುವಂತೆ ಮಾಡಿ. ಎರಡನೆಯ ವರ್ಷ, ನೆಲಕ್ಕೆ ಹತ್ತಿರದಿಂದ ಹೊರಟ ಒಂದೆರಡು ಗಟ್ಟಿ ಕವಲುಗಳನ್ನು ಉಳಿಸಿ ಮಿಕ್ಕವನ್ನು ಕತ್ತರಿಸಿ.

ಕಾಯಿಗಳನ್ನೂ ಸುಮ್ಮನೆ ಇಡಬೇಡಿ. ಹೊಂಗೆಯ ಕಾಯಿ ತಾನಾಗಿ ಬಿರಿಯುವುದಿಲ್ಲ, ಸಿಪ್ಪೆಯನ್ನು ತಟ್ಟಿ ಬಿಡಿಸಬೇಕು. ಒಳಗೆ ಸಾಮಾನ್ಯವಾಗಿ ಒಂದು, ಅಪರೂಪಕ್ಕೆ ಎರಡು ಬೀಜಗಳಿರುತ್ತವೆ. ಒಂದು ಬೆರಳಿನ ಗೆಣ್ಣಿನಷ್ಟು ಆಳಕ್ಕೆ ಬಿತ್ತಿದರೆ ಸಾಕು, ಬೇರೆ ಉಪಚಾರ ಬೇಡ, ಒಂದೆರಡು ವಾರಗಳಲ್ಲಿ ಮೊಳೆಯುತ್ತದೆ. ಇಂದೇ ಬಿತ್ತಲಾಗದಿದ್ದರೆ ಡಬ್ಬದ ಮುಚ್ಚಳವನ್ನಾದರೂ ತೆಗೆದಿಡಿ, ಹಸಿ ಕಾಯಿಗಳಿದ್ದರೆ ಬೂಷ್ಟು ಹಿಡಿಯುತ್ತದೆ.